ಲಂಡನ್ ಪಂಜಿಗೆ ಹೊನ್ನಾಳಿ ಎಣ್ಣೆ

ಹೊನ್ನಾಳಿಯ ಬಸವನ ಹೋರಿ ಅಂದು ಬೆಳಿಗ್ಗೆ ಬೇರೆ ದಾರಿ ಹಿಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದೇನು ಸಾಮಾನ್ಯ ಹೋರಿಯೇ? ಅದು ಮೈ ಕೊಡವಿದರೆ ನ್ಯಾಮತಿಯಲ್ಲಿ ಧೂಳು ಏಳುತ್ತಿತ್ತು. ಗುಟುರು ಹಾಕಿದರೆ ಚನ್ನಗಿರಿಯ ಹಸುಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ನಾನು ಸುಳ್ಳು ಹೇಳುವ ಪೈಕಿ ಅಲ್ಲ. ನಂಬಿಕೆ ಇಲ್ಲದವರು ತುಂಗಭದ್ರೆಯನ್ನೇ ಕೇಳಿಕೊಳ್ಳಲಿ, ಅವಳೂ ಅಂದು ಅಲ್ಲೇ ಇದ್ದಳು.

ಟೂರಿಂಗ್ ಟಾಕೀಸಿನ ಪಾಪಣ್ಣ ತನ್ನ ಸಿನಿಮಾ ಪರದೆಯನ್ನು ಒಗೆಸಿ ಹೊಳೆದಂಡೆಯಲ್ಲಿ ಒಣಹಾಕಿದ್ದ. ಬೆಳ್ಳಗೆ, ಅಗಲವಾಗಿ, ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡಿದ್ದ ಆ ಪರದೆ ಹೋರಿಯ ಕಣ್ಣಿಗೆ ಎದುರಾಳಿಯಂತೆ ಕಂಡಿರಬೇಕು. ಒಂದೇ ಗುಮ್ಮು. ಪರದೆಯ ಒಂದು ತುಂಡು ಕೊಂಬಿಗೆ ಪೇಟವಾಯಿತು, ಇನ್ನೊಂದು ಹೊಳೆಯ ಪಾಲಾಯಿತು, ಮಿಕ್ಕಿದ್ದರಲ್ಲಿ ಕೂಸಿಗೆ ಕುಲಾವಿ ಹೊಲಿಯಲೂ ಬರುವಂತಿರಲಿಲ್ಲ.

ಅಂದೇ ಮಧ್ಯಾಹ್ನ ಆಟ. ಅದೂ ಎಂಥ ಆಟ! ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಲಂಡನ್ನಿನಲ್ಲಿ ಲೋಕದ ಆಟಗಾರರೆಲ್ಲ ಸೇರಿದ್ದರಲ್ಲ, ಆ ಪಂದ್ಯಗಳ ಮೊದಲ ದಿನದ ಮೆರವಣಿಗೆಯ ವಾರ್ತಾಚಿತ್ರ ಊರೂರು ಸುತ್ತಿ ಕೊನೆಗೆ ಕಾರ್ತಿಕ ಮಾಸಕ್ಕೆ ಹೊನ್ನಾಳಿಗೆ ಬಂದಿತ್ತು. ಪರದೇಶದ ನೆಲದ ಮೇಲೆ ನಮ್ಮದೇ ಬಾವುಟ ನಡೆಯುವುದನ್ನು ಕಣ್ಣಾರೆ ಕಾಣಿರಿ ಎಂದು ಪಾಪಣ್ಣ ಎಂಟು ದಿನದಿಂದ ತಮಟೆ ಹೊಡೆಸಿದ್ದ. ನ್ಯಾಮತಿಯಿಂದ ನಲವತ್ತು ಗಾಡಿ ಹೊರಟಿದ್ದವು. ಜಗಳೂರಿನಿಂದ ಒಬ್ಬ ಕುರಿಗಳ ಸಮೇತ ಬಂದಿದ್ದ.

ಪಾಪಣ್ಣ ಓಡಿದ್ದು ನೇರವಾಗಿ ಪೇಟೆ ಬೀದಿಯ ಟೇಲರ್ ಬುಡನ್‌ಸಾಬನ ಅಂಗಡಿಗೆ.

ಬುಡನ್‌ಸಾಬ್ ಸಾಧು ಮನುಷ್ಯ. ಅವನ ಕತ್ತರಿಗೆ ಬಾಯಿತ್ತು, ಅವನಿಗೆ ಇರಲಿಲ್ಲ. ಯಾರು ಏನು ಕೇಳಿದರೂ ‘ಇಲ್ಲ’ ಎನ್ನಲು ಹೋಗಿ ‘ಆಗ್ಲಿ’ ಎಂದು ಬರುತ್ತಿದ್ದ. ಆ ಕಾಲದಲ್ಲಿ ಬಟ್ಟೆಗೆ ಕಂಟ್ರೋಲು, ಸರ್ಕಾರ ಅಳೆದು ಕೊಟ್ಟಷ್ಟೇ. ಹನ್ನೆರಡು ಗಜ ಬಿಳಿ ಮಿಲ್ ಬಟ್ಟೆ ಒಟ್ಟಿಗೆ ಇರುವ ಮನೆಯನ್ನು ಜನ ಅರಮನೆಯಂತೆ ನೋಡುತ್ತಿದ್ದರು. ಬುಡನ್‌ಸಾಬನ ಟ್ರಂಕಿನಲ್ಲಿ ಅಂಥವು ಎರಡು ಗಂಟು ಇದ್ದವು. ಒಂದು ಅಡಿಕೆ ಸಾಹುಕಾರ ಮಲ್ಲಿಕಾರ್ಜುನಪ್ಪನವರದು. ಮಗನ ಮದುವೆಗೆ ಅಂಗಿ ಹೊಲಿಯಲೆಂದು ಅಡಿಕೆ ಚೀಲದ ತುಂಡಿನಲ್ಲಿ ಸುತ್ತಿ ಕೊಟ್ಟಿದ್ದರು. ಇನ್ನೊಂದು ಅವನ ಹೆಂಡತಿ ಚಮನಬಿ ಮಗಳು ರಹಮತ್‌ಬೀಯ ನಿಕಾಹಿಗೆಂದು ಮೂರು ವರ್ಷ ಕೂಡಿಟ್ಟಿದ್ದು. ಅದನ್ನು ಮುಟ್ಟುವುದಿರಲಿ, ಅದರ ಕಡೆ ನೋಡಿದರೂ ಚಮನಬಿ ಸುಮ್ಮನಿರುವವಳಲ್ಲ.

“ಆ ಬಿಳಿ ಬಟ್ಟೆ ಒಂದು ತಾಸು ಕೊಡ್ರಿ ಸಾಬ್ರೆ. ಆಟ ಮುಗೀತಲೂ ಮಡಿಚಿ ತಂದು ಕೊಡ್ತೀನಿ,” ಎಂದ ಪಾಪಣ್ಣ.

“ಅದು ಸಾವ್ಕಾರ್ರ ಬಟ್ಟೆ ಮಾರಾಯ. ಏನಾದ್ರೂ ಆದ್ರೆ?”

“ಏನಾಗ್ತೈತ್ರೀ? ಅದರ ಮೇಲೆ ಬೀಳಾದು ಬರೀ ಬೆಳಕು. ಬೆಳಕು ಬಿದ್ರೆ ಬಟ್ಟೆ ಮಾಸ್ತೈತಾ?”

ಅಷ್ಟರಲ್ಲಿ ಅಂಗಡಿಯ ಮುಂದೆ ಜನ ಕೂಡಿದರು. ನಮ್ಮ ಬಾವುಟ ಏಳು ಸಮುದ್ರ ದಾಟಿ ಹೋಗಿ ನಿಂತಿರುವಾಗ ಹೊನ್ನಾಳಿಯಲ್ಲಿ ಅದಕ್ಕೆ ನಿಲ್ಲಲು ಹನ್ನೆರಡು ಗಜ ಜಾಗ ಕೊಡುವವರಿಲ್ಲವೇ ಎಂದು ಒಬ್ಬ ಕೇಳಿದ. ಬುಡನ್‌ಸಾಬ್ ‘ಇಲ್ಲ’ ಎನ್ನಲು ಬಾಯಿ ತೆರೆದ. ‘ಆಗ್ಲಿ’ ಬಂತು.

ಚಮನಬಿ ಹೊಳೆಗೆ ಹೋಗಿದ್ದಳು. ಬುಡನ್‌ಸಾಬ್ ಕಳ್ಳನಂತೆ ಟ್ರಂಕು ತೆಗೆದು, ಅಡಿಕೆ ಚೀಲದ ಗಂಟನ್ನು ಎತ್ತಿಕೊಂಡು ಓಡಿದ. ಕತ್ತರಿ ಮುಟ್ಟಿಸದೆ, ಒಂದೇ ಬಟ್ಟೆಯನ್ನು ನಾಲ್ಕು ನಾಲ್ಕು ಗಜಕ್ಕೆ ಮಡಿಚಿ, ಅಂಚಿಗೆ ಅಂಚು ಕೂಡಿಸಿ ಕಚ್ಚಾ ಹೊಲಿಗೆ ಹಾಕಿ ಪರದೆ ಮಾಡಿದ. ಇದು ಆಗದ ಕೆಲಸ ಎಂದು ಬೇರೆ ಟೇಲರುಗಳು ಹೇಳಬಹುದು. ಅವರಿಗೆ ಆಗದು, ಬುಡನ್‌ಸಾಬನಿಗೆ ಆಗುತ್ತಿತ್ತು.

ಆಟ ಇದ್ದದ್ದು ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಕಿಟಕಿಗಳಿಗೆ ಗೋಣಿ ತೂಗುಬಿಟ್ಟು ಕತ್ತಲೆ ಮಾಡಿದ್ದರು. ಜನ ಎಷ್ಟಿದ್ದರೆಂದರೆ, ಒಳಗೆ ಹೋದವನಿಗೆ ಉಸಿರು ಎಳೆದುಕೊಳ್ಳಲು ಪಕ್ಕದವನು ಬಿಡುವವರೆಗೆ ಕಾಯಬೇಕಿತ್ತು. ಬುಡನ್‌ಸಾಬ್ ಪರದೆಯ ಬುಡದಲ್ಲೇ ನೆಲದ ಮೇಲೆ ಕುಳಿತ. ಹಿಂತಿರುಗಿ ನೋಡಿದರೆ, ಮೊದಲ ಸಾಲಿನ ಕುರ್ಚಿಯಲ್ಲಿ ಸಾಕ್ಷಾತ್ ಮಲ್ಲಿಕಾರ್ಜುನಪ್ಪನವರು! ಬುಡನ್‌ಸಾಬನ ಎದೆ ಅವನದೇ ಹೊಲಿಗೆ ಯಂತ್ರದಂತೆ ಟಕಟಕ ಎನ್ನತೊಡಗಿತು.

ಚಿತ್ರ ಶುರುವಾಯಿತು. ಊರೆಲ್ಲ ಲಂಡನ್ ನೋಡಿತು. ಬುಡನ್‌ಸಾಬ್ ಒಬ್ಬನೇ ಬಟ್ಟೆ ನೋಡಿದ.

ಪಾಪಣ್ಣ ತಗಡಿನ ತುತ್ತೂರಿ ಹಿಡಿದು ವಿವರಣೆ ಕೊಡುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಧೈರ್ಯ ಬರುತ್ತಿತ್ತು. ದೇಶದ ಮೇಲೆ ದೇಶ ಬಂದವು. ಕೋಟು, ಟೋಪಿ, ಬಾವುಟ. ಕೋಟು, ಟೋಪಿ, ಬಾವುಟ. ಗೊತ್ತಿದ್ದ ದೇಶಗಳ ಹೆಸರು ಮುಗಿದ ಮೇಲೆ ಪಾಪಣ್ಣ ಅವನ್ನೇ ಮತ್ತೆ ಮೊದಲಿನಿಂದ ಹೇಳಿದ.

ಬೆಲ್ಲದಂಗಡಿಯ ಅಜ್ಜಮ್ಮ ಎಂಬತ್ತು ವರ್ಷದ ಮುದುಕಿ. ಅವಳಿಗೆ ತಾಳ್ಮೆ ಕೆಟ್ಟಿತು. “ಯಾರ ಮನೆ ದಿಬ್ಬಣನೋ ಪಾಪಣ್ಣ ಇದು? ಬೀಗರೇ ಬರ್ತಾ ಅದಾರೆ, ಮದುಮಗ ಎಲ್ಲಿ?”

“ಮದುಮಗ ಇಲ್ಲಬೇ. ಇವರೆಲ್ಲ ಓಡೋರು, ಜಿಗಿಯೋರು.”

“ಓಡೋರು ಹಿಂಗೆ ನಡೀತಾರಾ? ಕತ್ತಲಗೆರೆ ಎಮ್ಮೆ ಇವರಿಗಿಂತ ಜೋರು ನಡೀತಾವೆ.”

ಅಷ್ಟರಲ್ಲಿ ನಮ್ಮ ಬಾವುಟ ಬಂತು. ಬಂತು, ಹೋಯಿತು. ಅಜ್ಜಮ್ಮ ಸೀನಿದ್ದಳು. ಕಣ್ಣು ಬಿಡುವಷ್ಟರಲ್ಲಿ ಬೇರೆ ಯಾವುದೋ ದೇಶ ನಡೆಯುತ್ತಿತ್ತು. ಗೋದಾಮು ಭೋರ್ಗರೆಯಿತು. ಇಷ್ಟಕ್ಕೆ ನಲವತ್ತು ಗಾಡಿ ಕಟ್ಟಿಸಿದೆಯಾ ಎಂದು ನ್ಯಾಮತಿಯವರು ಎದ್ದು ನಿಂತರು. ಪಾಪಣ್ಣ ಹೆದರಿ ರೀಲು ಹಿಂದಕ್ಕೆ ಸುತ್ತಿಸಿದ. ಈ ಸಲ ಜನ ಸಿದ್ಧರಾಗಿದ್ದರು. ಬಾವುಟ ಕಂಡದ್ದೇ ತಡ, ಒಬ್ಬ ಪರದೆಯ ಬುಡದ ಕಲ್ಲಿಗೆ ತೆಂಗಿನಕಾಯಿ ಒಡೆದ. ಎಳನೀರಿನಷ್ಟು ನೀರಿದ್ದ ಕಾಯಿ. ಅರ್ಧ ಬುಡನ್‌ಸಾಬನ ಮುಖಕ್ಕೆ, ಅರ್ಧ ಬಟ್ಟೆಗೆ.

“ರೀ, ನಿಧಾನ ಕಣ್ರೀ,” ಎಂದು ಬುಡನ್‌ಸಾಬ್ ತನ್ನ ಅಂಗಿಯ ತುದಿಯಿಂದ ಬಟ್ಟೆ ಒರೆಸಿದ.

“ಸಾಬ್ರೆ, ಕುಂತ್ಕೊಳ್ರಿ. ಬಾವುಟಕ್ಕೆ ಅಡ್ಡ ಬರ್ತೀರಲ್ಲ,” ಎಂದು ಹತ್ತು ಜನ ಅವನನ್ನು ಅದುಮಿ ಕೂರಿಸಿದರು.

ಮನೆ ಮುಂದೆ ಮೆರವಣಿಗೆ ಬಂದರೆ ಆರತಿ ಎತ್ತದೆ ಬಿಡುವುದು ನಮ್ಮ ಕಡೆಯ ಹೆಂಗಸರಿಗೆ ಗೊತ್ತೇ ಇಲ್ಲ. ಪೇಟೆ ಬೀದಿಯ ಹುಲಿಗೆಮ್ಮ ಎಂಬವಳು ಕರ್ಪೂರದ ತಟ್ಟೆಯನ್ನು ಮನೆಯಿಂದಲೇ ತಂದಿದ್ದಳು. ಮೂರನೆಯ ಸಲ ರೀಲು ತಿರುಗಿದಾಗ ಅವಳು ಎದ್ದು ಹೋಗಿ ಬಾವುಟ ಹಿಡಿದವನ ಹಣೆಗೆ ಕುಂಕುಮ ಇಡಲು ಕೈ ಚಾಚಿದಳು. ಕೈ ಪರದೆಗೆ ಮುಟ್ಟುವಷ್ಟರಲ್ಲಿ ನಮ್ಮವನು ದಾಟಿಹೋಗಿ, ಅವಳ ಕುಂಕುಮ ಪರದೇಶದ ಒಬ್ಬ ದಢೂತಿಯ ಹೊಟ್ಟೆಯ ಮೇಲೆ ಮೂಡಿತು. ಅಲ್ಲಿಂದ ಮುಂದೆ ಬಂದ ದೇಶಗಳೆಲ್ಲ ಆ ಕುಂಕುಮ ಹಾದೇ ಹೋದವು. ಹುಲಿಗೆಮ್ಮ ಉರಿಯುವ ತಟ್ಟೆಯನ್ನು ಪರದೆಯ ಬುಡದಲ್ಲಿಟ್ಟು ಕೈ ಮುಗಿದಳು. ತೊಳೆದರೆ ಹೋಗುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ ಎಂದು ಬುಡನ್‌ಸಾಬ್ ತನಗೆ ತಾನೇ ಹೇಳಿಕೊಂಡ.

ಆಮೇಲೆ ಲಂಡನ್ನಿನವರು ಪಾರಿವಾಳ ಹಾರಿಬಿಟ್ಟರು. ಒಂದಲ್ಲ, ಹತ್ತಲ್ಲ, ಸಾವಿರ ಸಾವಿರ. ಜಗಳೂರಿನ ಕುರಿಯವನಿಗೆ ಮನಸ್ಸು ಕರಗಿ ಬುತ್ತಿಯಲ್ಲಿದ್ದ ಜೋಳವನ್ನು ಪರದೆಗೆ ಎರಚಿದ. ಲಂಡನ್ನಿನ ಪಾರಿವಾಳಗಳು ಇಳಿಯಲಿಲ್ಲ. ಆದರೆ ಗೋದಾಮಿನ ತೊಲೆಗಳಲ್ಲಿ ಮೂರು ತಲೆಮಾರಿನಿಂದ ಬೀಡುಬಿಟ್ಟಿದ್ದ ಹೊನ್ನಾಳಿಯ ಪಾರಿವಾಳಗಳು ಇಳಿದವು. ಇಳಿದು, ತಿಂದು, ಪರದೆಯ ಮೇಲಂಚಿನಲ್ಲಿ ಸಾಲಾಗಿ ಕುಳಿತು, ತಿಂದವರು ಮಾಡುವುದನ್ನು ಮಾಡಿದವು. ಯಾವುದು ಚಿತ್ರದ ಹಕ್ಕಿ, ಯಾವುದು ನಿಜದ ಹಕ್ಕಿ ಎಂದು ಪಾಪಣ್ಣನಿಗೂ ತಿಳಿಯಲಿಲ್ಲ. ಬುಡನ್‌ಸಾಬನಿಗೆ ಮಾತ್ರ ಚೆನ್ನಾಗಿ ತಿಳಿಯಿತು.

ಇನ್ನೇನು ಮುಗಿಯಿತು ಎನ್ನುವಾಗ ಬಿಳಿ ಬಟ್ಟೆ ತೊಟ್ಟ ಒಬ್ಬ ಎತ್ತರದ ಯುವಕ ಉರಿಯುವ ಪಂಜು ಹಿಡಿದು ಓಡಿಬಂದ.

ಕೂತವರೆಲ್ಲ ಕೈ ಮುಗಿದರು. ಬಾವುಟ ಹೊಸದು, ಪಾರಿವಾಳ ಹೊಸದು. ಪಂಜು ನಮ್ಮ ಮನೆಯದೇ ಅಲ್ಲವೇ?

“ಈ ಬೆಂಕಿ ಆಟ ಮುಗಿಯೋ ತನಕ ಆರಬಾರದಂತೆ,” ಎಂದ ಪಾಪಣ್ಣ ತುತ್ತೂರಿಯಲ್ಲಿ.

ದೇವರ ಮುಂದೆ ಪಂಜು ಬಂದರೆ ಎಣ್ಣೆ ಎರೆಯಬೇಕು. ಹೊನ್ನಾಳಿಯಲ್ಲಿ ಮೊದಲ ಎಣ್ಣೆ ಮಲ್ಲಿಕಾರ್ಜುನಪ್ಪನವರ ಮನೆತನದ್ದು. ಅವರ ತಾತ ಎರೆದಿದ್ದರು, ಅಪ್ಪ ಎರೆದಿದ್ದರು. ಲಂಡನ್ನಿನ ಪಂಜು ಬಂದಾಗ ತಾವು ಕುರ್ಚಿಯಲ್ಲಿ ಕುಳಿತಿರುವುದೇ? ಅವರು ಎದ್ದು ರುಮಾಲು ಸರಿಮಾಡಿಕೊಂಡರು. ಅಜ್ಜಮ್ಮ ಸಂತೆಯಿಂದ ಕೊಂಡು ಮಡಿಲಲ್ಲಿಟ್ಟುಕೊಂಡಿದ್ದ ಎಣ್ಣೆ ಗಿಂಡಿಯನ್ನು ಇಸಿದುಕೊಂಡರು.

“ಸಾವ್ಕಾರ್ರೆ, ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಬುಡನ್‌ಸಾಬ್ ನಿಜವಾಗಿಯೂ ಕಾಲಿಗೆ ಬಿದ್ದ. ಅವನ ಭಕ್ತಿ ಕಂಡು ಜನ ಬೆರಗಾದರು.

ಸಾಹುಕಾರರು ಅವನನ್ನು ದಾಟಿ ಪಂಜಿನ ಮೇಲೆ ಗಿಂಡಿ ಬೋರಲು ಹಾಕಿದರು. ಎಣ್ಣೆ ಬಟ್ಟೆಯಲ್ಲಿ ಸಳಸಳ ಇಳಿದು ಹುಲಿಗೆಮ್ಮನ ಕರ್ಪೂರದ ತಟ್ಟೆಗೆ ಬಿತ್ತು. ಲಂಡನ್ನಿನ ಯುವಕ ಅಲ್ಲಿ ದೊಡ್ಡ ಕೊಪ್ಪರಿಗೆಗೆ ಪಂಜು ಮುಟ್ಟಿಸುವುದಕ್ಕೂ, ಇಲ್ಲಿ ಪರದೆ ಭಗ್ಗನೆ ಹೊತ್ತಿಕೊಳ್ಳುವುದಕ್ಕೂ ಕೂದಲೆಳೆ ಹೆಚ್ಚುಕಮ್ಮಿ ಆಗಲಿಲ್ಲ.

ಆಗ ಬಿದ್ದ ಚಪ್ಪಾಳೆ ಲಂಡನ್ನಿಗೆ ಕೇಳಿಸದೆ ಇದ್ದರೆ ಅಲ್ಲಿಯವರ ಕಿವಿಯೇ ಸರಿಯಿಲ್ಲ.

ಬುಡನ್‌ಸಾಬ್ ನೀರಿನ ಕೊಡ ಎತ್ತಿಕೊಂಡು ಓಡಿದ. ಜನ ಅವನ ರಟ್ಟೆ ಹಿಡಿದರು. “ತಲೆ ಕೆಟ್ಟೈತಾ ಸಾಬ್ರೆ? ಆರಬಾರದು ಅಂದಿದ್ದು ಕೇಳ್ಲಿಲ್ವಾ?” ಕೊಡ ಕಸಿದುಕೊಂಡು ನಾಲ್ಕು ಜನ ಅವನನ್ನು ಅಪ್ಪಿ ಹಿಡಿದುಕೊಂಡರು. ಹನ್ನೆರಡು ಗಜ ಬಟ್ಟೆ ಬೂದಿಯಾಗಲು ಹನ್ನೆರಡು ಉಸಿರು ಸಾಕಾಯಿತು. ಹಿಂದಿದ್ದದ್ದು ಕಲ್ಲಿನ ಗೋಡೆ, ಯಾರಿಗೂ ಏನೂ ಆಗಲಿಲ್ಲ. ಮೊನ್ನೆ ತಾನೇ ಸುಣ್ಣ ಬಳಿದ ಗೋಡೆ ಅದು. ಹೊಗೆ ಸರಿದ ಮೇಲೆ ಮಿಕ್ಕ ಚಿತ್ರ ಅದರ ಮೇಲೆ ಪರದೆಗಿಂತ ಸೊಗಸಾಗಿ ಮೂಡಿತು. ಪರದೆ ಬೇಕೇ ಇರಲಿಲ್ಲ ಎಂಬುದು ಆಗ ತಿಳಿಯಿತು.

ಕಿಟಕಿಯ ಗೋಣಿ ತೆಗೆದಾಗ ಬುಡನ್‌ಸಾಬ್ ಸಾಹುಕಾರರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಸಾಹುಕಾರರ ಮುಖ ಮೊದಲು ಅಡಿಕೆ ಬೇಯಿಸಿದ ಚೊಗರಿನ ಕೆಂಪಿಗೆ ತಿರುಗಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಪಾಪಣ್ಣ ತುತ್ತೂರಿ ಎತ್ತಿ, ಲಂಡನ್ ಪಂಜಿಗೆ ಎಣ್ಣೆ ಎರೆದವರೂ ಮಲ್ಲಿಕಾರ್ಜುನಪ್ಪನವರೇ, ಮಗನ ಮದುವೆಯ ಬಟ್ಟೆ ಬತ್ತಿ ಮಾಡಿದವರೂ ಅವರೇ ಎಂದು ಸಾರಿದ. ಜನ ಜೈಕಾರ ಹಾಕಿದರು. ಸಾಹುಕಾರರ ಎದೆ ಅಂಗಿಯ ಎರಡು ಗುಂಡಿ ಹಾರುವಷ್ಟು ಉಬ್ಬಿತು. ಅವರು ಎಲ್ಲರಿಗೂ ಕೈ ಮುಗಿದು, ನಗುತ್ತಲೇ ಬುಡನ್‌ಸಾಬನ ಕಿವಿಗೆ ಬಾಗಿದರು.

“ದಾನ ಬೇರೆ, ಬಟ್ಟೆ ಬೇರೆ. ದೀಪ ಹಚ್ಚೋ ಹೊತ್ತಿಗೆ ಹನ್ನೆರಡು ಗಜ ನಮ್ಮ ಮನೇಲಿರಬೇಕು. ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಅಂಗಡಿಗೆ ಒಂದು ಗುಂಡಿ ಹಾಕಿಸಾಕೂ ಯಾರೂ ಬರಲ್ಲ, ನೋಡ್ರಿ.”

ಬುಡನ್‌ಸಾಬನಿಗೆ ಉಳಿದದ್ದು ಒಂದೇ ದಾರಿ, ಮಗಳ ನಿಕಾಹಿನ ಬಟ್ಟೆ. ಮನೆಗೆ ಹೋದವನೇ ಹೆಂಡತಿಯ ಮುಂದೆ ಕೂತು ಆದದ್ದೆಲ್ಲ ಹೇಳಿದ. ಚಮನಬಿ ಬೈಯಲಿಲ್ಲ, ಅಳಲಿಲ್ಲ. ಟ್ರಂಕು ತೆಗೆದು ಚೊಕ್ಕ ಟವೆಲಿನಲ್ಲಿ ಸುತ್ತಿದ್ದ ಗಂಟನ್ನು ಅವನ ಮುಂದೆ ಇಟ್ಟಳು.

“ಇದೇ ಸಾವ್ಕಾರ್ರ ಬಟ್ಟೆ,” ಎಂದಳು.

“ಅದು ಸುಟ್ಟು ಹೋಯ್ತಲ್ಲೇ. ಅಡಿಕೆ ಚೀಲದಾಗಿತ್ತಲ್ಲ?”

“ಆ ಚೀಲ ಗಬ್ಬು ನಾರ್ತಿತ್ತು. ಮದುವೆ ಬಟ್ಟೆಗೆ ವಾಸನೆ ಹತ್ತಿದ್ರೆ ನಿಮ್ಮನ್ನೇ ಅಂತಾರೆ ಅಂತ ಅವರದನ್ನ ಟವೆಲಿಗೆ ಹಾಕಿ, ನಮ್ಮದನ್ನ ಚೀಲಕ್ಕೆ ಹಾಕಿದ್ದೆ ಕಣ್ರೀ.” ಆಗ ಮಾತ್ರ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಸುಟ್ಟಿದ್ದು ನಮ್ಮ ರಹಮತ್‌ದು.”

ಬುಡನ್‌ಸಾಬ್ ಟವೆಲಿನ ಗಂಟು ಹೊತ್ತು ಸಾಹುಕಾರರ ಮನೆಗೆ ಹೋದ. ಜಗಲಿಯ ತುಂಬ ಜನ. ಸಾಹುಕಾರರು ಎಣ್ಣೆ ಎರೆದದ್ದನ್ನು ಎಂಟನೆಯ ಸಲ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಗಿಂಡಿ ಹೋಗಿ ಕೊಡವಾಗಿತ್ತು.

“ಸಾವ್ಕಾರ್ರೆ, ಒಂದು ಮಾತು,” ಎಂದ ಬುಡನ್‌ಸಾಬ್. “ಸುಟ್ಟಿದ್ದು ನಿಮ್ಮ ಬಟ್ಟೆ ಅಲ್ಲ. ನಮ್ಮದು.”

ಜಗಲಿಯವರೆಲ್ಲ ಅವನ ಕಡೆ ತಿರುಗಿದರು. ಆಮೇಲೆ ಮೂಲೆಯಲ್ಲಿದ್ದ ಅಜ್ಜಮ್ಮ ಬಾಯಿ ಬಿಟ್ಟಳು. “ನೋಡ್ರಪ್ಪಾ, ಮಧ್ಯಾನ್ನ ನಾಲ್ಕು ಜನ ಹಿಡ್ಕೊಂಡ್ರೂ ಬೆಂಕಿ ಆರಿಸಾಕೆ ಹೋಗಿದ್ದ. ಈಗ ದಾನ ತನ್ನದು ಅಂತಾನೆ.” ಎಲ್ಲರೂ ನಕ್ಕರು. ಸಾಹುಕಾರರೂ ದೊಡ್ಡ ಮನಸ್ಸಿನಿಂದ ನಕ್ಕು, ಹೋಗಲಿ ಬಿಡ್ರಿ, ಹೆಸರಿನ ಆಸೆ ಯಾರಿಗಿಲ್ಲ ಎಂದು ಗಂಟನ್ನು ಬಿಚ್ಚಿದರು. ತಮ್ಮದೇ ಬಟ್ಟೆಯ ಅಂಚನ್ನು ದೀಪಕ್ಕೆ ಹಿಡಿದು ನೋಡಿದರು. ಎರಡು ಬೆರಳಲ್ಲಿ ಹೊಸೆದು ನೋಡಿದರು. ತುಟಿ ಸೊಟ್ಟ ಮಾಡಿದರು.

“ಪರವಾಗಿಲ್ಲ, ಬಡವನ ಮನೇದು, ನಡೀತೈತೆ,” ಎಂದರು ಜಗಲಿಯ ಜನರ ಕಡೆ ತಿರುಗಿ. “ಆದ್ರೆ ಸುಟ್ಟೋಯ್ತಲ್ಲ ನಮ್ಮದು, ಅದರ ನುಣುಪೇ ಬೇರೆ ಬಿಡ್ರಿ.”