ಫ್ಯಾಮಿಲಿಗೆ ಮಾತ್ರ

ಇಂಗ್ಲಿಷಿನ ಕೆಲವು ಪದಗಳನ್ನು ನಾವು ಕಲಿತದ್ದು ಡಿಕ್ಷನರಿಯಿಂದಲ್ಲ, ಗೇಟಿಗೆ ತೂಗುಹಾಕಿದ ಬೋರ್ಡುಗಳಿಂದ. ಫ್ಯಾಮಿಲಿ ಅಂಥದ್ದೊಂದು. ನಮ್ಮ ಉಪ್ಪಳದಲ್ಲಿ ಮದುವೆಗೆ ಬಂದ ಗಂಡಸಿನ ಹತ್ತಿರ "ಫ್ಯಾಮಿಲಿ ಬರ್ಲಿಲ್ವಾ?" ಎಂದರೆ ಹೆಂಡತಿ ಎಲ್ಲಿ ಎಂದು ಅರ್ಥ. ನನ್ನ ಹತ್ತಿರ ಯಾರೂ ಹಾಗೆ ಕೇಳುವುದಿಲ್ಲ. ಮದುವೆಯಾಗದ ಹೆಂಗಸಿಗೆ ಫ್ಯಾಮಿಲಿ ಎಲ್ಲಿಂದ ಬರಬೇಕು? ಆದರೆ ಬದಿಯಡ್ಕದ ಹೋಟೆಲಿಗೆ ಒಬ್ಬಳೇ ಹೋದರೆ ಸಪ್ಲೈಯರ್ "ಟೀಚರೇ, ಫ್ಯಾಮಿಲಿ ರೂಮಿಗೆ" ಎಂದು ಪರದೆಯ ಹಿಂದೆ ದಾಟಿಸಿಬಿಡುತ್ತಾನೆ. ಚಾ ಕುಡಿದು ಮುಗಿಯುವವರೆಗೆ ನಾನೊಬ್ಬಳೇ ಒಂದು ಫ್ಯಾಮಿಲಿ.

ಬಾಡಿಗೆ ಮನೆಗೆ ಈ ರಿಯಾಯಿತಿ ಇಲ್ಲ. ನಮ್ಮಲ್ಲಿ ಬಾಡಿಗೆ ಮನೆಗೆ ಕ್ವಾರ್ಟರ್ಸ್ ಎನ್ನುತ್ತಾರೆ. ಗೇಟಿನಲ್ಲಿ "ಫ್ಯಾಮಿಲಿಗೆ ಮಾತ್ರ" ಎಂದು ಬರೆದಿರುತ್ತದೆ. ಹಾಸಿಗೆ ಹಿಡಿದ ಅಮ್ಮನ ಜೊತೆ ನಾನು ಅಂಥದ್ದೊಂದರಲ್ಲಿದ್ದೆ. ಗಂಜಿ ಕುಡಿಸಿ, ಮೈ ಒರೆಸಿ, ಬಟ್ಟೆ ಒಗೆದು ಶಾಲೆಗೆ ಓಡುತ್ತಿದ್ದವಳು ನಾನು. ಫ್ಯಾಮಿಲಿ ಎನಿಸಿಕೊಂಡಿದ್ದವಳು ಅಮ್ಮ. ಅದು ಗೊತ್ತಾದದ್ದು ಅವಳ ಉತ್ತರಕ್ರಿಯೆ ಮುಗಿದ ಮೇಲೆ, ಓನರ್ ಲೀನಾಬಾಯಿ ಬಂದು ಕುರ್ಚಿಯ ತುದಿಯಲ್ಲಿ ಕೂತಾಗ.

"ಬೇಜಾರು ಮಾಡ್ಬೇಡಿ ಟೀಚರೇ. ಇನ್ನು ನೀವು ಸಿಂಗಲ್ ಅಲ್ವಾ? ಪಕ್ಕದವರು ಎಂತಾದ್ರೂ ಹೇಳ್ತಾರೆ."

"ನನ್ನ ಈ ಪ್ರಾಯಕ್ಕೆ ಎಂತ ಹೇಳ್ಲಿಕ್ಕುಂಟು?"

"ಹೇಳುವವರಿಗೆ ನಿಮ್ಮ ಪ್ರಾಯ ಎಂತಕ್ಕೆ? ಯಾರನ್ನಾದ್ರೂ ತಂದು ಕೂರಿಸಿ. ಇಲ್ಲದಿದ್ರೆ ಬರುವ ತಿಂಗಳು ಖಾಲಿ ಮಾಡ್ಬೇಕಾಗ್ತದೆ."

ಕೆಟ್ಟ ಹೆಂಗಸಲ್ಲ. ನಾನು ಶಾಲೆಗೆ ಹೋದಾಗ ಅಮ್ಮನನ್ನು ಇಣುಕಿ ನೋಡುತ್ತಿದ್ದವರೇ ಅವರು. ಬೇರೆ ಮನೆ ಹುಡುಕಿದೆ. ಎಲ್ಲ ಗೇಟಿನಲ್ಲೂ ಅದೇ ಬೋರ್ಡು. ಕೊನೆಗೆ ಮೀಂಜದಲ್ಲಿರುವ ತಮ್ಮ ರಾಘವನಿಗೆ ಫೋನ್ ಮಾಡಿದೆ.

"ನಮ್ಮ ಅತ್ತೆಯನ್ನು ಇಟ್ಕೋ ಮಾರಾಯ್ತಿ. ಅವರಿಗೂ ಒಂದು ಚೇಂಜ್."

ಅಮ್ಮ ಮಲಗಿದ್ದಷ್ಟು ಕಾಲ ಇತ್ತ ಬರಲು ಪುರುಸೊತ್ತು ಸಿಗದವನು, ಹೆಂಡತಿಯ ಅಮ್ಮನನ್ನು ಅದೇ ಸಂಜೆ ಕಾರಿನಲ್ಲಿ ತಂದು ಇಳಿಸಿದ. ಟಿವಿ, ಬಿಸಿನೀರಿನ ಚೀಲ, ಮಾತ್ರೆಯ ಡಬ್ಬಿ, ಎಲ್ಲವೂ ಮೊದಲೇ ಕಟ್ಟಿಟ್ಟ ಹಾಗಿತ್ತು. ಮದುವೆಯಾಗದೆಯೇ ನನ್ನ ಮನೆಗೆ ಅತ್ತೆ ಬಂದರು.

ಅಮ್ಮನ ಮಂಚ ಈಗ ಅವರದ್ದು. ನನ್ನ ಸಾರು ಅವರಿಗೆ ಹಿಡಿಸುವುದಿಲ್ಲ, ಟಿವಿಯ ಸದ್ದು ನನಗೆ ಹಿಡಿಸುವುದಿಲ್ಲ. ಮೊನ್ನೆ ಅಡುಗೆಮನೆಯಲ್ಲಿದ್ದೆ. ಅತ್ತೆ ಜಗಲಿಯಿಂದ ಲೀನಾಬಾಯಿಯ ಹತ್ತಿರ ಹೇಳುತ್ತಿದ್ದರು: "ಪಾಪ, ಇವಳಿಗೆ ಯಾರಿದ್ದಾರೆ? ನಾನು ಬಂದು ಕೂತದ್ದಕ್ಕೆ ಮನೆ ಉಳಿಯಿತು."

ಉತ್ತರ ಕೊಡಲೆಂದು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಲೀನಾಬಾಯಿ ನನ್ನ ಮುಖ ನೋಡಿದರು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಊಟಕ್ಕೆ ಬನ್ನಿ ಅತ್ತೆ," ಎಂದೆ. "ಹಪ್ಪಳ ಕಾಯಿಸಿದ್ದೇನೆ."