ಕ್ಯಾಮೆರಾದ ಹಿಂದೆ ಒಂದು ಹೂಂ

ನನ್ನ ಭಾವ ಸಿನಿಮಾ ನಿರ್ದೇಶಕರು. ಇದನ್ನು ನಾನು ಹೇಳುತ್ತಿಲ್ಲ, ಅವರ ವಿಸಿಟಿಂಗ್ ಕಾರ್ಡು ಹೇಳುತ್ತದೆ. ಆ ಕಾರ್ಡು ಮುದ್ರಿಸಿದ್ದೂ ಅವರೇ, ಗಡಿನಾಡಿನ ಬಂದ್ಯೋಡಿನಲ್ಲಿರುವ ತಮ್ಮದೇ ಫೋಟೊಸ್ಟಾಟ್ ಅಂಗಡಿಯಲ್ಲಿ. ಹೆಸರಿನ ಕೆಳಗೆ 'ಸ್ವತಂತ್ರ ನಿರ್ದೇಶಕ' ಎಂದು ದಪ್ಪಕ್ಷರದಲ್ಲಿದೆ. ಅಕ್ಕ ಓದಿ, "ಸ್ವತಂತ್ರ ಅಂತ ಯಾರತ್ರ ಕೇಳಿ ಹಾಕಿದ್ದು?" ಎಂದಳು. ಭಾವ "ಹೂಂ" ಎಂದರು.

ಈ ಹೂಂ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ಪ್ರಬಂಧದ ಖಳನಾಯಕ ಅದೇ!

ಭಾವನ ಮೊದಲ ಚಿತ್ರದಲ್ಲಿ ಬಸ್‌ಸ್ಟಾಪಿನ ಒಂದು ಖಾಲಿ ಬೆಂಚು ಇತ್ತು. ಬೆಂಚು ಮಾತ್ರ ಇತ್ತು. ಆಗಷ್ಟೇ ಅವರು ಮೊಬೈಲಿನಲ್ಲಿ ಪರದೇಶದ ಚಿತ್ರಗಳನ್ನು ನೋಡಲು ಶುರುಮಾಡಿದ್ದರು, ಅವುಗಳಲ್ಲಿ ಯಾರೂ ಅವಸರ ಮಾಡುವುದಿಲ್ಲವಂತೆ. ಮನೆಯವರನ್ನೆಲ್ಲ ಕೂರಿಸಿ ಟಿವಿಯಲ್ಲಿ ಹಾಕಿದರು. ಐದು ನಿಮಿಷ ಕಾದ ಅಕ್ಕ ಎದ್ದುಹೋಗಿ ಟಿವಿಯ ವೈರು ಅಲ್ಲಾಡಿಸಿದಳು.

"ಎಂತ, ನಿಂತುಹೋಯ್ತಾ?"

"ಇಲ್ಲ ಮಾರಾಯ್ತಿ, ಅದು ಮೌನ."

"ಹಾಗಾದ್ರೆ ನಾನು ಹೋಗಿ ಅನ್ನ ಬಾಗಿಸಿ ಬರ್ತೇನೆ."

ಅವಳು ಅನ್ನ ಬಾಗಿಸಿ ಗಂಜಿ ಬಸಿದು, ಸಾರಿಗೆ ಒಗ್ಗರಣೆ ಹಾಕಿ ಬಂದಳು. ಬೆಂಚು ಅಲ್ಲಿಯೇ ಇತ್ತು.

ಎರಡನೆಯದು ಥ್ರಿಲ್ಲರ್. ಮೀನಿನವನ ಹತ್ತಿರ ತುಳು, ಪಂಚಾಯತಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ದಿನಕ್ಕೆ ಮೂರು ಸಲ ನಾಲಿಗೆ ಬದಲಿಸುವವರು ನಾವು. ಅಂಥ ಊರಿನ ರಿಕ್ಷಾ ಡ್ರೈವರನೊಬ್ಬ ಭಾವನ ಚಿತ್ರದಲ್ಲಿ, "ಏನ್ ಮಚ್ಚಾ, ಹೆಂಗಿದ್ಯಾ?" ಎಂದು ಬೆಂಗಳೂರು ಮಾತಾಡುತ್ತಿದ್ದ. ನೋಡಿದ ಗಿರಾಕಿಯೊಬ್ಬರು ನಿಜವಾದ ಕಾಳಜಿಯಿಂದ, "ಇವ ಎಲ್ಲಿಯವ? ದಾರಿ ತಪ್ಪಿ ಬಂದದ್ದಾ?" ಎಂದು ಕೇಳಿದರು.

ಎರಡೂ ಚಿತ್ರಗಳು ಎಷ್ಟೋ ಚಿತ್ರೋತ್ಸವಗಳಿಗೆ ಹೋಗಿ ತಿರಸ್ಕೃತವಾದವು. ಒಂದು ಮಧ್ಯಾಹ್ನ ಭಾವ ಅಂಗಡಿಯಲ್ಲಿ ಒಬ್ಬರೇ ಕುಳಿತಿದ್ದರು. ನಾನು ಹೋದಾಗ ಯಾವತ್ತಿನ ಉತ್ಸಾಹ ಇರಲಿಲ್ಲ.

"ಐವತ್ತು ತುಂಬಿತು ಮಾರಾಯ. ನೋಡಿದ ಕೂಡಲೇ ಇದು ಇವನೇ ಮಾಡಿದ್ದು ಅಂತ ಗೊತ್ತಾಗುವ ಹಾಗಿನದ್ದು ಒಂದು ಬೇಕು. ಒಂದು ಸಾಕು. ಈವರೆಗೆ ಮಾಡಿದ್ದೆಲ್ಲ ಬೇರೆಯವರದ್ದರ ಫೋಟೊಸ್ಟಾಟು."

ನಗಬೇಕೆಂದುಕೊಂಡವನು ಅವರ ಮುಖ ನೋಡಿ ಸ್ಟೂಲು ಎಳೆದು ಕುಳಿತೆ.

ಹಾಗೆ ಮೂರನೆಯ ದಾರಿ ಹಿಡಿದರು: ನಮ್ಮೂರಿನವರನ್ನು ಕೂರಿಸಿ ಮಾತಾಡಿಸುವುದು. ಸಂಕಲನಕಾರ ನಾನು. ನನಗಿದ್ದ ಅರ್ಹತೆಗಳು ಎರಡು: ಒಂದು ಕಂಪ್ಯೂಟರು ಇತ್ತು, ಭಾವನಿಗೆ 'ಆಗುವುದಿಲ್ಲ' ಎನ್ನುವ ಧೈರ್ಯ ಇರಲಿಲ್ಲ.

ಈಗ ಖಳನಾಯಕನ ಪ್ರವೇಶ! ನಮ್ಮಲ್ಲಿ ಯಾರಾದರೂ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕು. ಹೂಂ ನಿಂತರೆ ನನ್ನ ಅಜ್ಜಿ ರಾಕ್ಷಸನನ್ನು ಅರ್ಧ ಕೊಂದಲ್ಲಿಗೇ ಬಿಟ್ಟು ಮಲಗುತ್ತಿದ್ದರು. ಭಾವ ಈ ವಿದ್ಯೆಯಲ್ಲಿ ಪಾರಂಗತರು. ಗಿಡ್ಡ ಹೂಂ ಎಂದರೆ 'ಮುಂದೆ ಹೇಳಿ'. ಉದ್ದದ್ದು 'ಪಾಪ'. ಕೊನೆಯಲ್ಲಿ ಸ್ವರ ಮೇಲೆದ್ದರೆ 'ನಂಬಿಕೆ ಬರುವುದಿಲ್ಲ, ಆದರೂ ಬಿಡಬೇಡಿ'. ಒಂದು ಆಧಾರ್ ಕಾಪಿಗೆಂದು ಬಂದವರು ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ಸೊಸೆಯ ಕಥೆ ಹೇಳಿ ಹೋಗುವುದು ಸುಮ್ಮನೆ ಅಲ್ಲ.

ಆದರೆ ಕ್ಯಾಮೆರಾದ ಹಿಂದೆಯೂ ಹೀಗೆ ಹೂಂಗುಟ್ಟಿದರೆ? ಚಿತ್ರದ ತುಂಬ ಹೂಂ, ಹೂಂ, ಹೂಂ! ಹೀಗೆ ಮಾಡಿ ಕಳುಹಿಸಿದ ಮೊದಲನೆಯದಕ್ಕೆ ಚಿತ್ರೋತ್ಸವದವರು 'ಹಿನ್ನೆಲೆಯಲ್ಲಿ ಅನಗತ್ಯ ಸದ್ದು' ಎಂದು ಬರೆದರು. ಬಾಯಿಗೆ ಮಾಸ್ಕ್ ಕಟ್ಟಿದರೆ ಹೂಂ ಮೂಗಿನಿಂದ ಬಂತು. ಬಾಯಿ ತುಂಬ ನೀರು ಹಿಡಿದುಕೊಳ್ಳಿ ಎಂದು ಬುದ್ಧಿ ಹೇಳಿದವನು ನಾನೇ. ಹತ್ತಿರದ ಅನಂತಪುರದ ಕಡೆಯ ನಿವೃತ್ತ ವಾಚ್‌ಮನ್ ಒಬ್ಬರು ತಾವು ಪ್ರೇತ ಕಂಡದ್ದನ್ನು ಹೇಳುತ್ತಿದ್ದರು. "ತಿರುಗಿ ನೋಡ್ತೇನೆ, ಕಾಲೇ ಇಲ್ಲ!" ಎಂದದ್ದೇ ತಡ, ಭಾವನ ಬಾಯಿಯ ನೀರೆಲ್ಲ ವಾಚ್‌ಮನ್ನರ ಮೇಲೆ. ಪ್ರೇತಕ್ಕೆ ಹೆದರದವರು ಅವತ್ತು ಎದ್ದು ಓಡಿದರು.

ಆಮೇಲೆ ಬೀಪಾತುಮ್ಮನ ಸರದಿ. ಅವರು ಭಾವನ ನೆರೆಮನೆಯವರು, ಎಪ್ಪತ್ತು ದಾಟಿದೆ, ನಮ್ಮನ್ನೆಲ್ಲ 'ಮೋನೇ', ಅಂದರೆ ಮಗನೇ, ಎಂದೇ ಕರೆಯುವವರು. ಗಂಡ ಗಲ್ಫಿನಲ್ಲಿದ್ದ ಕಾಲದಲ್ಲಿ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಬಂದು ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದರಂತೆ. ಇವರು ಇಲ್ಲಿಂದ, ಅವರು ಅಲ್ಲಿಂದ. ಆ ಕಥೆ ಭಾವನಿಗೆ ಬೇಕಿತ್ತು. ಈ ಸಲ ಬಾಯಿಗೆ ಎರಡು ಲಿಂಬೆ ಮಿಠಾಯಿ ಹಾಕಿಕೊಂಡು ಕ್ಯಾಮೆರಾ ಹಿಡಿದರು. ಬೀಪಾತುಮ್ಮ ನಾಲ್ಕು ಮಾತಾಡಿ ನಿಲ್ಲಿಸಿದರು.

"ಎಂತ ಮೋನೇ, ಕೇಳ್ತಾ ಇದ್ದೀಯಾ? ಅಲ್ಲ ನಾನು ಗೋಡೆಗೆ ಹೇಳುದಾ?"

ಭಾವ ಎರಡೂ ಮಿಠಾಯಿ ನುಂಗಿದರು. "ಹೂಂ ಉಮ್ಮ, ಹೇಳಿ."

ಬೀಪಾತುಮ್ಮ ಎರಡು ಗಂಟೆ ಮಾತಾಡಿದರು. ನಾನು ಮೂರು ವಾರ ಕುಳಿತು ಹೂಂ ಹೆಕ್ಕಿದೆ, ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ. ಒಂದೂ ಉಳಿಯಲಿಲ್ಲ! ಮೊದಲು ಅವರಿಗೇ ತೋರಿಸೋಣವೆಂದು ಲ್ಯಾಪ್‌ಟಾಪ್ ಹಿಡಿದು ಅವರ ಜಗಲಿಗೆ ಹೋದೆವು. ಪೂರ್ತಿ ನೋಡಿದ ಬೀಪಾತುಮ್ಮ, "ಇದರಲ್ಲಿ ನಾನು ಯಾರತ್ರ ಮಾತಾಡುದು?" ಎಂದು ಕೇಳಿದರು.

"ಕ್ಯಾಮೆರಾದ ಹತ್ತಿರ" ಎಂದೆ.

"ಪುನಃ ಮಿಷನ್ನಿಗೇ?" ಅವರ ಮುಖ ಸಣ್ಣದಾಯಿತು. "ಎಷ್ಟು ವರ್ಷ ಆ ಟೇಪಿಗೆ ಮಾತಾಡಿದ್ದೇನೆ ಮೋನೇ. ಮಗುವಿಗೆ ಜ್ವರ ಅಂತ ಹೇಳಿದ್ರೆ ಆಚೆಯಿಂದ ಒಂದು ಹೂಂ ಬರ್ಲಿಕ್ಕೆ ಎರಡು ತಿಂಗಳು. ಇವ ಕೂತು ಕೇಳಿದ್ದಾನೆ ಅಂತ ಅಲ್ವಾ ನಾನು ಹೇಳಿದ್ದು?"

ಭಾವ ಲ್ಯಾಪ್‌ಟಾಪ್ ಮುಚ್ಚಿದರು. ಹೊರಗೆ ಬಂದು, "ಎಲ್ಲ ಹೂಂ ಪುನಃ ಹಾಕು. ಒಂದನ್ನೂ ಬಿಡ್ಬೇಡ" ಎಂದರು.

"ಭಾವ, ಮೂರು ವಾರದ ಕೆಲಸ! ಆಯ್ಕೆ ಆಗುದಿಲ್ಲ ಮತ್ತೆ."

"ಆಗದಿದ್ರೆ ಬೇಡ."

ಭಾವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮನಸ್ಸಿನಲ್ಲೇ ಬೈದುಕೊಂಡು ಎಲ್ಲವನ್ನೂ ಹಾಕಿದೆ. ಚಿತ್ರೋತ್ಸವದವರು ನಾನು ಹೇಳಿದ ಹಾಗೆಯೇ ತಿರಸ್ಕರಿಸಿದರು. ಆ ಪತ್ರ ಓದಿ ಭಾವ ಅಂದದ್ದು ಏನೆಂದು ನಿಮಗೆ ಗೊತ್ತೇ ಇದೆ.

ಕೊನೆಗೆ ಮಂಗಲ್ಪಾಡಿಯಲ್ಲಿ ಒಂದು ವಾಚನಾಲಯದ ಕೋಣೆಯಲ್ಲಿ ನಾವೇ ತೋರಿಸಿದೆವು, ಒಂದು ಭಾನುವಾರ ಸಂಜೆ. ಬೀಪಾತುಮ್ಮ ಎದುರಿನ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತಿದ್ದರು. ಪರದೆಯಲ್ಲಿ ಇನ್ನೂ ಚಿತ್ರದ ಹೆಸರು ಬಂದಿರಲಿಲ್ಲ, ನಿರ್ದೇಶಕರದ್ದೂ ಬಂದಿರಲಿಲ್ಲ. ಮೊದಲ ಹೂಂ ಕೇಳಿದ್ದೇ ಹಿಂದಿನಿಂದ ಯಾರೋ ಕೂಗಿದರು: "ಹೋ, ಇದು ನಮ್ಮ ಫೋಟೊಸ್ಟಾಟಿನವರದ್ದು!"

ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿದ್ದ ಭಾವ ಮಾತ್ರ ನಗಲಿಲ್ಲ.

ಅಕ್ಕ ಅನ್ನ ಬಾಗಿಸಲು ಏಳಲಿಲ್ಲ. ಯಾರೂ ಏಳಲಿಲ್ಲ. ಕೊನೆಯಲ್ಲಿ ಪರದೆಯ ಬೀಪಾತುಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಅವರು ಅಲ್ಲೇ ತೀರಿಹೋದ್ರು ಅಂತ ಸುದ್ದಿ ಬಂದಾಗ ನನ್ನ ಟೇಪು ಅರ್ಧ ತುಂಬಿತ್ತು. ಯಾರಿಗೆ ಕಳಿಸುದು? ಹಾಗೇ ಉಂಟು, ಕಪಾಟಿನಲ್ಲಿ. ಉಳಿದ ಅರ್ಧ ಇವತ್ತು ಹೇಳಿದೆ ಮೋನೇ."

ಆಮೇಲೆ ಒಂದು ಹೂಂ. ನಡುವೆ ಒಡೆದ ಹೂಂ. ಸದ್ದು ಎಂದು ನಾನು ಎಲ್ಲಕ್ಕಿಂತ ಮೊದಲು ಅಳಿಸಿದ್ದು ಅದನ್ನೇ.

ದೀಪ ಹಾಕುವ ಮೊದಲು ತಿರುಗಿ ನೋಡಿದೆ. ಭಾವ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಗೊತ್ತಾಯ್ತಲ್ವಾ ಮಾರಾಯ ಅವರಿಗೆ, ನಾನೇ ಮಾಡಿದ್ದು ಅಂತ?" ಎಂದು ಮೆಲ್ಲನೆ ಕೇಳಿದರು. ನಾನು ಅವರ ಕೈ ಹಿಡಿದುಕೊಂಡು "ಹೂಂ" ಎಂದೆ.