ಹೊಟ್ಟೆಯೊಳಗಿನ ಒಳ್ಳೆ ಹುಳ

ರಾಮನಗರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್. ಈಚೆಗೆ ‘ನ್ಯಾಚುರಲ್’ ಅಂತ ಬರೆದ ಡಬ್ಬಕ್ಕೇ ಗಿರಾಕಿ ಜಾಸ್ತಿ. ಹೊಟ್ಟೆಯ ವಿಷಯವನ್ನು ಮಾತ್ರ ಜನ ಕೌಂಟರ್ ಮೇಲೆ ಬಗ್ಗಿ ಪಿಸುಗುಟ್ಟುತ್ತಾರೆ, ನಾನೂ ಪಿಸುಗುಟ್ಟಿಯೇ ಉತ್ತರ ಕೊಡುತ್ತೇನೆ. ಎಡವಟ್ಟು ತಪ್ಪುವುದಾದರೂ ಹೇಗೆ?

ನುಂಗುವ ವಿದ್ಯೆ

ಮಲಬದ್ಧತೆ ಅಂತ ಬಂದ ಅಜ್ಜನಿಗೆ ಇಸಬ್‌ಗೋಲ್ ಕೊಟ್ಟು, “ನೀರಿಗೆ ಹಾಕಿದ ತಕ್ಷಣ ಕುಡಿದುಬಿಡಿ” ಅಂದೆ. ಅವರು ಲೋಟಕ್ಕೆ ಹಾಕಿಟ್ಟು ಹಸು ಕರೆಯಲು ಹೋದರು. ವಾಪಸು ಬರುವಷ್ಟರಲ್ಲಿ ಅದು ಉಬ್ಬಿ ಗಟ್ಟಿಯಾಗಿತ್ತಂತೆ, ಮಾರನೇ ದಿನ ಅಂಗಡಿಗೆ ಬಂದು ಹೇಳಿದರು.

“ಅಯ್ಯೋ, ಚೆಲ್ಲಿದ್ರಾ?”

“ಚೆಲ್ಲಾದ್ಯಾಕವ್ವ? ಮುದ್ದೆ ಆಗಿತ್ತು. ಉಪ್ಸಾರ್ ಹಾಕ್ಕೊಂಡು ನುಂಗ್ಬುಟ್ಟೆ.”

ಖಾಲಿ ಹೊಟ್ಟೆ

ಬಿಡದಿಯ ಫ್ಯಾಕ್ಟರಿಯವರೊಬ್ಬರು ತ್ರಿಫಲಾ ಒಯ್ದಿದ್ದರು. ಏನೂ ಗುಣ ಕಾಣಲಿಲ್ಲವಂತೆ. ಖಾಲಿ ಹೊಟ್ಟೆಯಲ್ಲಿ ತಗೊಂಡ್ರಾ ಅಂತ ಕೇಳಿದೆ.

“ಖಾಲೀಲೇ ಮೇಡಂ. ತಟ್ಟೆ ಇಡ್ಲಿ ತಿಂದಿದ್ದೆ ಅಷ್ಟೇ. ಊಟ ಇನ್ನೂ ಮಾಡಿರ್ನಿಲ್ಲ!”

ಗೌಡರ ಸಾಕಾಣಿಕೆ

ಕೈಲಾಂಚದ ಕಡೆಯ ಗೌಡರೊಬ್ಬರು ರೇಷ್ಮೆ ಹುಳ ಸಾಕಿ ಗೂಡು ಮಾರುವವರು. ಹೊಟ್ಟೆ ಉರಿ ತಡೆಯಲಾರದೆ ಊಟವನ್ನೇ ಬಿಡುವ ಹಂತಕ್ಕೆ ಬಂದಿದ್ದರು. ಬೀಡಿ ಬಿಡಿ ಅಂತ ಡಾಕ್ಟರು ಬೈದಾಗಿತ್ತು, ಹೆಂಡತಿ ಅತ್ತಾಗಿತ್ತು. ಗೌಡರು ಊಟ ಬಿಟ್ಟರೇ ಹೊರತು ಬೀಡಿ ಬಿಡಲಿಲ್ಲ. ಒಂದು ದಿನ ಡಾಕ್ಟರ ಚೀಟಿ ಹಿಡಿದು ಇಬ್ಬರೂ ಬಂದರು. ಅದರಲ್ಲಿ ಪ್ರೊಬಯಾಟಿಕ್ ಮಾತ್ರೆ ಬರೆದಿತ್ತು.

“ಇದ್ರಾಗೇನೈತವ್ವ?”

ಬ್ಯಾಕ್ಟೀರಿಯಾ ಅಂದರೆ ಹೆದರಿಯಾರು ಅಂತ, “ಒಳ್ಳೆ ಹುಳ ಗೌಡ್ರೇ. ಹೊಟ್ಟೆ ಒಳಗೆ ಬದುಕ್ತವೆ” ಅಂದೆ.

ಗೌಡರ ಮುಖ ಗಂಭೀರವಾಯಿತು. “ಸೊಪ್ಪು ಹಾಕ್ಬೇಕಾ?”

“ಹಾಕ್ಲೇಬೇಕು. ಸೊಪ್ಪು, ತರಕಾರಿ ಚೆನ್ನಾಗಿ ತಿನ್ನಿ” ಅಂದೆ. ನನಗೆ ತಮಾಷೆ, ಅವರಿಗೆ ಕಸುಬು.

ಸ್ವಲ್ಪ ದಿನ ಬಿಟ್ಟು ಮತ್ತೆ ಇಬ್ಬರೂ ಬಂದರು. ಗೌಡರ ಕೆನ್ನೆ ತುಂಬಿಕೊಂಡಿತ್ತು, ಕಿವಿಯ ಸಂದಿಯಲ್ಲಿ ಬೀಡಿ ಇರಲಿಲ್ಲ.

“ಬೀಡಿ ಬಿಟ್ರಾ?”

“ಹುಳಿನ್ ಮನೇಲಿ ಯಾರಾದ್ರೂ ಬೀಡಿ ಸೇದ್ತಾರೇನವ್ವ? ಹೊಗೆ ಬಡುದ್ರೆ ಹುಳ ಉಳಿತವಾ?”

ಹೆಂಡತಿಗೆ ನಗು ತಡೆಯಲಾಗಲಿಲ್ಲ, ಕಣ್ಣೂ ಒದ್ದೆಯಾಗಿತ್ತು. “ಮದ್ವೆ ಆದಾಗ್ಲಿಂದ ಬಡ್ಕೊಂಡೆ, ನನ್ ಮಾತು ಕೇಳ್ನಿಲ್ಲ. ಹುಳಿನ್ ಮಾತು ಕೇಳ್ಬುಟ್ರು ನೋಡವ್ವ!”

ನನಗೂ ಸಂತೋಷವಾಯಿತು. ಇನ್ನಾದರೂ ನಿಜ ಹೇಳೋಣ ಅಂತ ಬಾಯಿ ತೆರೆದೆ. ಗಂಡನ ಬೆನ್ನ ಹಿಂದಿನಿಂದ ಆಯಮ್ಮ ಕೈ ಮುಗಿದು, ಬೇಡ ಅಂತ ತಲೆ ಆಡಿಸಿದರು. ಅಷ್ಟರಲ್ಲಿ ಗೌಡರೇ ಮುಂದೆ ಬಗ್ಗಿ, “ಒಸಿ ಒಂದ್ ಮಾತು ಕೇಳ್ಲಾ? ಇವು ಸೊಪ್ಪು ತಿನ್ನಾದ್ ಬಿಟ್ಟು, ಹಣ್ಣಾಗಿ ಗೂಡು ಕಟ್ಟಾದ್ ಯಾವಾಗ?” ಅಂತ ಪಿಸುಗುಟ್ಟಿದರು.

“ಇವು ಗೂಡು ಕಟ್ಟೋ ಜಾತಿ ಅಲ್ಲ ಗೌಡ್ರೇ. ಕೊನೇವರೆಗೂ ಒಳಗೇ ಇರ್ತವೆ. ಬೀಡಿ ಯಾವತ್ತೂ ಸೇದಂಗಿಲ್ಲ.”

ಗೌಡರು ಮಾತ್ರೆ ಜೇಬಿಗಿಳಿಸಿ, ಹೆಂಡತಿಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

“ಥೂ, ಗೂಡೇ ಕಟ್ಟಕಿಲ್ವಂತೆ ಕಣೆ. ಸಾಯಗಂಟ ಬರೀ ಸೊಪ್ಪು ಹಾಕದೇ ಬಂತು!”